ಪಾಡ್ದನಕ್ಕೂ 37 ಸಾವಿರ, ಅಡಿಕೆ ರೋಗಕ್ಕೂ 37 ಸಾವಿರ

ಪ್ರಶ್ನೆ: ನಮ್ಮದು ಅಡಿಕೆ ಕೃಷಿ. ಮಗಳು ಕೊಣಾಜೆಯಲ್ಲಿ ಕನ್ನಡ ಎಂ.ಎ. ಮುಗಿಸಿ ಮನೆಗೆ ಬಂದಿದ್ದಾಳೆ. ಇನ್ನು ಪಿಎಚ್.ಡಿ. ಮಾಡುತ್ತೇನೆ, ತಿಂಗಳಿಗೆ 37 ಸಾವಿರ ಸರಕಾರವೇ ಕೊಡುತ್ತದೆ ಅನ್ನುತ್ತಾಳೆ. ಆಚೆ ಮನೆಯ ಹುಡುಗ ಸಸ್ಯಶಾಸ್ತ್ರದವನು, ಅಡಿಕೆ ರೋಗದ ಮೇಲೆ ಸಂಶೋಧನೆ ಮಾಡುತ್ತಿದ್ದಾನೆ. ಅವನಿಗೆ ಕೊಟ್ಟರೆ ಅರ್ಥವುಂಟು. ತುಳು ಪಾಡ್ದನದ ಹಾಡು, ಭಾಷೆ ಅಂತ ಕೂತವರಿಗೂ ಅಷ್ಟೇ ಕೊಡುತ್ತಾರೆಯೇ? ಒಂದೊಂದು ವಿಷಯಕ್ಕೆ ಒಂದೊಂದು ಲೆಕ್ಕವೇ? ನಮ್ಮ ಈ ಮೂಲೆಯ ಊರಿನ ಬಗ್ಗೆ ಬರೆದರೂ ಹಣ ಬರುತ್ತದೆಯೇ? ಇನ್ನೊಂದು, ನಡುವೆ ಮದುವೆ ಆದರೆ ಎಲ್ಲ ನಿಂತುಹೋಗುತ್ತದೆಯೇ?
- ಒಬ್ಬ ಓದುಗರು, ಕೊಲ್ಲಮೊಗ್ರು

ಉತ್ತರ: ನಿಮ್ಮ ಮಗಳು ಹೇಳಿದ್ದು ಸುಳ್ಳಲ್ಲ, ಆದರೆ ನಡುವಿನ ಒಂದು ಮೆಟ್ಟಿಲನ್ನು ಹಾರಿಸಿ ಹೇಳಿದ್ದಾಳೆ. ಪಿಎಚ್.ಡಿ.ಗೆ ಸೇರಿದ ಕೂಡಲೇ 37 ಸಾವಿರ ಬರುವುದಿಲ್ಲ. ಯುಜಿಸಿಯ ನೆಟ್ ಪರೀಕ್ಷೆ ಬರೆದು, ಅದರಲ್ಲಿ ಬರೇ ಪಾಸಾಗುವುದಲ್ಲ, ಮೇಲಿನ ಸಾಲಿನಲ್ಲಿ ನಿಂತು ಜೂನಿಯರ್ ರಿಸರ್ಚ್ ಫೆಲೋ, ಅಂದರೆ ಜೆಆರ್‌ಎಫ್ ಅನ್ನಿಸಿಕೊಂಡವರಿಗೆ ಆ ಹಣ. ಹಾಗೆ ನಿಂತವರಿಗೆ ಮಾತ್ರ ವಿಷಯ ಯಾವುದೆಂದು ಯಾರೂ ಕೇಳುವುದಿಲ್ಲ. ಕನ್ನಡವಾಗಲಿ, ಭೌತಶಾಸ್ತ್ರವಾಗಲಿ, ವಾಣಿಜ್ಯವಾಗಲಿ, ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷದ ಕೊನೆಗೆ ಒಂದು ಸಮಿತಿ ಕೂತು ಕೆಲಸ ನೋಡುತ್ತದೆ. ಅದು ಒಪ್ಪಿದರೆ ಹೆಸರು ಎಸ್‌ಆರ್‌ಎಫ್ ಎಂದಾಗಿ ಮೊತ್ತ 42,000ಕ್ಕೆ ಏರುತ್ತದೆ. ಇದು 2023ರ ಜನವರಿ 1ರಿಂದ ನಡೆದುಬಂದ ದರ. ಒಟ್ಟು ಐದು ವರ್ಷ, ಅಥವಾ ಮಹಾಪ್ರಬಂಧ ಸಲ್ಲಿಸುವವರೆಗೆ, ಯಾವುದು ಮೊದಲೋ ಅದು.

ಕೂಡಿಸಿ ನೋಡಿ. ಮೊದಲ 24 ತಿಂಗಳಿಗೆ 8,88,000. ಉಳಿದ 36 ತಿಂಗಳಿಗೆ 15,12,000. ಸರಿಯಾಗಿ 24 ಲಕ್ಷ. ಹಾಸ್ಟೆಲಿನಲ್ಲಿ ಇಲ್ಲದವರಿಗೆ ಮನೆ ಬಾಡಿಗೆ ಭತ್ಯೆ ಬೇರೆ.

ವಿಷಯಕ್ಕೊಂದು ಲೆಕ್ಕ ಇರುವುದು ಒಂದೇ ಕಡೆ, ಪುಸ್ತಕ, ಓಡಾಟ, ಝೆರಾಕ್ಸು, ರಾಸಾಯನಿಕಗಳ ಖರ್ಚಿಗೆಂದು ವರ್ಷಕ್ಕೊಮ್ಮೆ ಸಿಗುವ ಕಂಟಿಂಜೆನ್ಸಿಯಲ್ಲಿ. ಯುಜಿಸಿ ಕಲೆ ಮತ್ತು ಸಮಾಜ ವಿಜ್ಞಾನದವರಿಗೆ ಮೊದಲ ಎರಡು ವರ್ಷ 10,000ದಂತೆ, ಆಮೇಲೆ 20,500ರಂತೆ ಕೊಡುತ್ತದೆ. ವಿಜ್ಞಾನದವರಿಗೆ ಮೊದಲು 12,000, ಆಮೇಲೆ 25,000. ಐದು ವರ್ಷಕ್ಕೆ ಲೆಕ್ಕ ಹಾಕಿದರೆ ಕನ್ನಡದವಳಿಗೆ 81,500, ಸಸ್ಯಶಾಸ್ತ್ರದವನಿಗೆ 99,000. ನಿಮ್ಮ ಮನೆಗೂ ಆಚೆ ಮನೆಗೂ ಇರುವ ವ್ಯತ್ಯಾಸ ಐದು ವರ್ಷದಲ್ಲಿ 17,500 ರೂಪಾಯಿ ಮಾತ್ರ. ಪಾಡ್ದನಕ್ಕೆ ಇಷ್ಟು ಯಾಕೆ ಎಂಬ ನಿಮ್ಮ ಅನುಮಾನ ಊರಲ್ಲಿ ಹಲವರಿಗೆ ಇದೆ. ಅದೃಷ್ಟಕ್ಕೆ ಈ ದರ ಗೊತ್ತುಮಾಡಿದವರಿಗೆ ಇರಲಿಲ್ಲ.

ಹಾಗಾದರೆ ವಿಜ್ಞಾನದ ಮಕ್ಕಳಿಗೆ ಸಲೀಸು ಅಂತ ಜನ ಹೇಳುವುದು ಸುಳ್ಳೇ? ಅಲ್ಲ. ಅವರಿಗೆ ಬಾಗಿಲು ಹೆಚ್ಚು. ವಿಜ್ಞಾನಕ್ಕೆ ಸಿಎಸ್‌ಐಆರ್ ಜೊತೆ ಸೇರಿ ನಡೆಸುವ ಬೇರೆಯೇ ನೆಟ್ ಇದೆ: ಜೀವವಿಜ್ಞಾನ, ರಸಾಯನ, ಭೌತ, ಗಣಿತ, ಭೂವಿಜ್ಞಾನ. ಸ್ನಾತಕೋತ್ತರದಲ್ಲಿ ವಿಶ್ವವಿದ್ಯಾಲಯಕ್ಕೆ ಮೊದಲ ರ‍್ಯಾಂಕ್ ಬಂದವರಿಗೆ ಕೇಂದ್ರದ ಇನ್‌ಸ್ಪೈರ್ ಫೆಲೋಶಿಪ್ ಇದೆ. ರಾಜ್ಯದ ಕೆಸ್ಟೆಪ್ಸ್ ಸಂಸ್ಥೆ ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ವಿಜ್ಞಾನ, ತಂತ್ರಜ್ಞಾನದ ಪಿಎಚ್.ಡಿ. ಮಾಡುವವರಿಗೆ ಕೊಡುತ್ತದೆ. ಸುರತ್ಕಲ್ಲಿನ ಎನ್‌ಐಟಿಕೆಯಂಥ ಕಡೆ ಎಂಜಿನಿಯರಿಂಗಿನವರಿಗೆ ಸಂಸ್ಥೆಯೇ ತಿಂಗಳ ಹಣ ಕೊಟ್ಟು, ಬದಲಿಗೆ ಲ್ಯಾಬು, ಟ್ಯುಟೋರಿಯಲ್ಲು ನೋಡಿಕೊಳ್ಳಲು ಹೇಳುತ್ತದೆ. ಎಲ್ಲಕ್ಕಿಂತ ದೊಡ್ಡ ಮೊತ್ತ 2018ರಲ್ಲಿ ಶುರುವಾದ ಪ್ರಧಾನಮಂತ್ರಿ ರಿಸರ್ಚ್ ಫೆಲೋಶಿಪ್ಪಿನದ್ದು, ಶುರುವಿಗೇ 70,000. ಅದು ವಿಜ್ಞಾನ ತಂತ್ರಜ್ಞಾನದ ದೊಡ್ಡ ಸಂಸ್ಥೆಗಳ ಒಳಗಿನ ಮಾತು.

ಇದರ ಮೇಲೆ ಪ್ರಾಜೆಕ್ಟು. ವಿಜ್ಞಾನದ ಗೈಡ್ ಒಬ್ಬರು ಕೇಂದ್ರದ ಯಾವುದೋ ಇಲಾಖೆಯಿಂದ ಯೋಜನೆ ತಂದರೆ ಅದರಲ್ಲಿ ಒಂದೆರಡು ಪ್ರಾಜೆಕ್ಟ್ ಫೆಲೋ ಹುದ್ದೆ ಇರುತ್ತವೆ. ಹುಡುಗರು ಅದಕ್ಕೆ ಸೇರಿ ಪಿಎಚ್.ಡಿ.ಗೂ ನೋಂದಾಯಿಸಿಕೊಳ್ಳುತ್ತಾರೆ. ಕೇಳಲು ಚಂದ. ಆದರೆ ಯೋಜನೆಗಳ ಆಯುಷ್ಯ ಸಾಮಾನ್ಯವಾಗಿ ಮೂರು ವರ್ಷ, ಪಿಎಚ್.ಡಿ. ಅಷ್ಟರಲ್ಲಿ ಮುಗಿಯುವುದು ಅಪರೂಪ. ಕೊನೆಯ ಒಂದೆರಡು ವರ್ಷ, ಥೀಸಿಸ್ ಬರೆಯುವ ಹೊತ್ತಿನಲ್ಲೇ, ಕೈ ಖಾಲಿ. ಮತ್ತೆ ಅಲ್ಲಿ ಪ್ರಶ್ನೆ ಗೈಡಿನದ್ದು, ಉತ್ತರ ಹುಡುಕುವ ದುಡಿಮೆ ಇವನದ್ದು. ಕನ್ನಡದವಳಿಗೆ ಪ್ರಾಜೆಕ್ಟಿನ ಬಾಗಿಲು ಇಲ್ಲವೆಂದೇ ಹೇಳಬೇಕು, ಆದರೆ ಪ್ರಶ್ನೆ ಅವಳದ್ದೇ.

ನಿಮ್ಮ "ಮೂಲೆಯ ಊರು" ಅನ್ನುವ ಮಾತಿಗೆ ಈಗ ಬರುತ್ತೇನೆ. ಪುಷ್ಪಗಿರಿಯ ತಪ್ಪಲಿನಲ್ಲಿ ಕೂತ ನಿಮಗೆ ಅದು ಮೂಲೆ. ಸಂಶೋಧನೆಯ ಕಣ್ಣಿಗೆ ಕೊಲ್ಲಮೊಗ್ರು, ಕಲ್ಮಕಾರು, ಹರಿಹರ ಪಳ್ಳತ್ತಡ್ಕದ ಪಟ್ಟಿ ತುಂಬಿದ ಕಣಜ. ಒಂದೇ ತೋಟದ ಅಂಚಿನಲ್ಲಿ ನಿಂತು ನಾಲ್ಕು ವಿಭಾಗದವರು ನಾಲ್ಕು ಪ್ರಶ್ನೆ ಕೇಳಬಹುದು, ನಾಲ್ಕಕ್ಕೂ ಹಣ ಕೊಡುವವರು ಇದ್ದಾರೆ.

ಅಡಿಕೆಯಿಂದಲೇ ಶುರುಮಾಡೋಣ. ಸಂಪಾಜೆ, ಅರಂತೋಡು ಕಡೆಯ ತೋಟಗಳನ್ನು ತಿಂದು ಮುಗಿಸಿದ ಹಳದಿ ರೋಗಕ್ಕೆ ಕಾರಣ ಫೈಟೋಪ್ಲಾಸ್ಮಾ ಎಂಬ, ಬರಿಗಣ್ಣಿಗೆ ಕಾಣದ ಜೀವಿ. ಅದನ್ನು ಮರದಿಂದ ಮರಕ್ಕೆ ಸಾಗಿಸುವುದು ಒಂದು ಜಿಗಿಹುಳ. ಇಷ್ಟು ತಿಳಿಯಲಿಕ್ಕೇ ದಶಕಗಳು ಹಿಡಿದವು, ಮದ್ದು ಇಂದಿಗೂ ಇಲ್ಲ. ರೋಗ ತಾಗಿದ ತೋಟದ ನಡುವೆಯೂ ಹಸಿರಾಗಿ ನಿಂತ ಮರಗಳನ್ನು ಹುಡುಕಿ, ಅವುಗಳಿಂದ ತಡೆಯುವ ಶಕ್ತಿಯ ತಳಿ ತೆಗೆಯಬಹುದೇ ಎಂದು ಕಾಸರಗೋಡಿನ ಸಿಪಿಸಿಆರ್‌ಐ ವಿಜ್ಞಾನಿಗಳು ನೋಡುತ್ತಿದ್ದಾರೆ. ಈಚಿನ ಎಲೆಚುಕ್ಕಿ ನಿಮ್ಮ ಕಡೆಯೇ ಜೋರು. ಅದು ಶಿಲೀಂಧ್ರದ ಕೆಲಸ, ಬೇರೆಯೇ ಕತೆ. ಮಳೆಗಾಲಕ್ಕೆ ನೀವು ಬಿಡುವ ಬೋರ್ಡೋ ಮದ್ದಿನ ಹಿಂದೆಯೂ ಒಂದು ಸಂಶೋಧನೆ ಇದೆ. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಕೊಳೆರೋಗದ ಬೆನ್ನು ಹತ್ತಿ, ಮೈಲುತುತ್ತು ಸುಣ್ಣದ ಈ ದ್ರಾವಣವನ್ನು ಅಡಿಕೆಯ ಗೊನೆಗೆ ಸಿಂಪಡಿಸುವ ಕ್ರಮವನ್ನು ಮಲೆನಾಡಿನ ರೈತರಿಗೆ ತೋರಿಸಿಕೊಟ್ಟರು. ಆಚೆ ಮನೆಯ ಹುಡುಗ ಆ ಸಾಲಿನವನು.

ಭೂವಿಜ್ಞಾನದವಳು ಬಂದರೆ ಅವಳಿಗೆ 2022 ಸಾಕು. ಜೂನ್ ಕೊನೆಯಲ್ಲಿ ಚೆಂಬು, ಕರಿಕೆಯ ಕಡೆ ಭೂಮಿ ನಡುಗಿ ಸುಳ್ಯದವರೆಗೆ ಪಾತ್ರೆಗಳು ಅಲುಗಾಡಿದವು. ಆಗಸ್ಟ್ ಮೊದಲ ದಿನಗಳಲ್ಲಿ ನಿಮ್ಮೂರು, ಹರಿಹರ, ಕಲ್ಮಕಾರು, ಸುಬ್ರಹ್ಮಣ್ಯದಲ್ಲಿ ಹೊಳೆ ಊರೊಳಗೆ ಬಂತು, ಗುಡ್ಡ ಜರಿಯಿತು. ಆ ಎರಡಕ್ಕೂ ಸಂಬಂಧ ಇದೆಯೋ, ಇಲ್ಲ ಬರೇ ಮಳೆಯ ಲೆಕ್ಕವೋ ಎಂದು ಊರಿನವರು ಅಂಗಡಿ ಜಗಲಿಯಲ್ಲಿ ಚರ್ಚೆ ಮಾಡಿದ್ದಾರೆ. ಅದನ್ನೇ ಅಳೆದು ತೂಗಿ ಬರೆದರೆ ಮಹಾಪ್ರಬಂಧ.

ಇತಿಹಾಸದವನಿಗೆ 1837. ಕೊಡಗನ್ನು 1834ರಲ್ಲಿ ಕಂಪೆನಿ ನುಂಗಿದ ಮೇಲೆ ಅಮರ ಸುಳ್ಯದ ಸೀಮೆಯನ್ನು ಕೆನರಾಕ್ಕೆ ಸೇರಿಸಿ, ಕಂದಾಯವನ್ನು ಧಾನ್ಯದ ಬದಲು ನಗದಿನಲ್ಲಿ ಕಟ್ಟಿ ಎಂದರು. ಎದ್ದ ರೈತರು ಕೆದಂಬಾಡಿ ರಾಮಯ್ಯ ಗೌಡರಂಥವರ ಮುಂದಾಳುತನದಲ್ಲಿ ಮಂಗಳೂರಿನವರೆಗೆ ನಡೆದು ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿದರು. 2022ರ ನವೆಂಬರಿನಲ್ಲಿ ಅಲ್ಲಿ ರಾಮಯ್ಯ ಗೌಡರ ಪ್ರತಿಮೆ ಎದ್ದಿತು. ಪ್ರತಿಮೆ ನಿಂತ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ದಕ್ಷಿಣ ಕನ್ನಡ ಮದ್ರಾಸು ಪ್ರಾಂತ್ಯದಲ್ಲಿದ್ದ ಕಾರಣ ಹಳೆಯ ಕಡತಗಳು ಇರುವುದು ಚೆನ್ನೈಯ ಪತ್ರಾಗಾರದಲ್ಲಿ. ರೈಲಿನ ಟಿಕೆಟು, ಅಲ್ಲಿ ವಾರಗಟ್ಟಲೆ ಉಳಿಯುವ ಖರ್ಚು, ಪ್ರತಿ ತೆಗೆಸುವ ಶುಲ್ಕ, ಇವಕ್ಕೆಲ್ಲ ಆ 20,500 ಸಾಲುವುದಿಲ್ಲ ಎಂದು ಇತಿಹಾಸದ ಸಂಶೋಧನಾರ್ಥಿಗಳು ಹೇಳಿದರೆ ನಾನು ನಂಬುತ್ತೇನೆ. ದಿಲ್ಲಿಯ ಇತಿಹಾಸ ಸಂಶೋಧನಾ ಪರಿಷತ್ತು, ಐಸಿಎಚ್‌ಆರ್, ಇವರಿಗಾಗಿ ಫೆಲೋಶಿಪ್ಪನ್ನೂ ಪ್ರವಾಸದ ಸಹಾಯವನ್ನೂ ಇಟ್ಟಿದೆ.

ಇನ್ನು ನಿಮ್ಮ ಮಗಳು. ಊರಿನ ಭಾಷೆ, ಪಾಡ್ದನ ಅಂದರೆ ಯಾರೂ ತಿರುಗಿ ನೋಡದ ವಿಷಯ ಎಂದು ನೀವು ತಿಳಿದಂತಿದೆ. ಪುಣಚದ ಬಿ. ಎ. ವಿವೇಕ ರೈ ತುಳು ಜನಪದ ಸಾಹಿತ್ಯದ ಮೇಲೆ ಬರೆದ ಮಹಾಪ್ರಬಂಧ 1985ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನಿಂದ ಪುಸ್ತಕವಾಗಿ ಬಂತು. ಅವರು ಎರಡು ವಿಶ್ವವಿದ್ಯಾಲಯಗಳಿಗೆ ಕುಲಪತಿಯಾದರು, ಜರ್ಮನಿಯಲ್ಲಿ ಪಾಠ ಹೇಳಿದರು. ನಿಮ್ಮ ತಾಲೂಕಿನವರೇ ಆದ ಪುರುಷೋತ್ತಮ ಬಿಳಿಮಲೆ ಸುಳ್ಯ ಪರಿಸರದ ಗೌಡರ ಸಂಸ್ಕೃತಿಯನ್ನೇ ವಿಷಯ ಮಾಡಿಕೊಂಡು ಡಾಕ್ಟರೇಟ್ ಪಡೆದವರು. ಮುಂದೆ ದಿಲ್ಲಿಯ ಜೆಎನ್‌ಯುನಲ್ಲಿ ಕನ್ನಡ ಪೀಠ ನಡೆಸಿದರು. ಆ ಗೌಡರ ಮನೆಮಾತಾದ ಅರೆಭಾಷೆಗೆ 2011ರಲ್ಲಿ ಅಕಾಡೆಮಿಯೇ ಬಂತು. ಆದರೂ ಕಲ್ಮಕಾರಿನ ಅಜ್ಜಿ ಆಡುವ ಅರೆಭಾಷೆಗೂ ಭಾಗಮಂಡಲದ ಅಜ್ಜಿ ಆಡುವುದಕ್ಕೂ ಏನು ವ್ಯತ್ಯಾಸ, ಒಂದೇ ಮನೆಯಲ್ಲಿ ತುಳು, ಅರೆಭಾಷೆ, ಕನ್ನಡ ಮೂರೂ ನಡೆಯುವಾಗ ಯಾವುದು ಯಾರ ಜೊತೆ, ಯಾವುದು ದೈವದ ಮುಂದೆ, ಇಂಥ ಪ್ರಶ್ನೆಗಳು ಕೂತು ಕೇಳುವವರಿಗಾಗಿ ಕಾದಿವೆ. ಅಜ್ಜಿಯಂದಿರು ಕಾಯುವುದಿಲ್ಲ. ಅಡಿಕೆಯ ರೋಗ ಮುಂದಿನ ವರ್ಷವೂ ಸಂಶೋಧನೆಗೆ ಸಿಗುತ್ತದೆ, ದುರದೃಷ್ಟಕ್ಕೆ.

ಈಗ ಆ ಹಾರಿಸಿದ ಮೆಟ್ಟಿಲಿಗೆ ಬರೋಣ. ನೆಟ್ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಹೆಸರಿನಲ್ಲಿ ನಡೆಯುತ್ತದೆ, ಹೆಸರಿನ ತಿಂಗಳಿಗೇ ಆಗುತ್ತದೆಂದು ಭರವಸೆ ಇಟ್ಟುಕೊಳ್ಳಬೇಡಿ. ಮೂರು ಗಂಟೆ, ಎರಡು ಪತ್ರಿಕೆ. ಎರಡನೆಯದು ಕನ್ನಡ ಸಾಹಿತ್ಯದ್ದು, 100 ಪ್ರಶ್ನೆ, 200 ಅಂಕ, ಎಂ.ಎ. ಚೆನ್ನಾಗಿ ಓದಿದವಳಿಗೆ ಅದು ಕಷ್ಟವಲ್ಲ. ಕನ್ನಡದ ಮಕ್ಕಳು ಎಡವುವುದು ಮೊದಲನೆಯದರಲ್ಲಿ. 50 ಪ್ರಶ್ನೆ, 100 ಅಂಕ, ಎಲ್ಲರಿಗೂ ಒಂದೇ, ಇರುವುದು ಇಂಗ್ಲಿಷ್ ಹಿಂದಿಯಲ್ಲಿ ಮಾತ್ರ. ತರ್ಕ, ಅಂಕಿಅಂಶದ ಕೋಷ್ಟಕ, ಕಂಪ್ಯೂಟರು, ಬೋಧನಾ ವಿಧಾನ, ಪರಿಸರ. ಪಂಪನನ್ನು ಕರಗತ ಮಾಡಿಕೊಂಡವಳು ಶೇಕಡಾವಾರು ಲೆಕ್ಕದಲ್ಲಿ ಸಿಕ್ಕಿಬೀಳುತ್ತಾಳೆ. ತಪ್ಪಿಗೆ ಅಂಕ ಕಡಿತ ಇಲ್ಲ, ಆದುದರಿಂದ ಯಾವ ಪ್ರಶ್ನೆಯನ್ನೂ ಬಿಡಬಾರದು. ಎರಡೂ ಪತ್ರಿಕೆಗೆ ಹಾಜರಾದವರ ಶೇಕಡಾ ಆರರಷ್ಟು ಮಂದಿಯನ್ನು, ಕನಿಷ್ಠ ಅಂಕ ಪಡೆದವರ ಒಳಗಿನಿಂದ, ಅಧ್ಯಾಪಕ ಹುದ್ದೆಗೆ ಅರ್ಹರೆಂದು ಆರಿಸುತ್ತಾರೆ. ಜೆಆರ್‌ಎಫ್ ಅದರೊಳಗಿನ ಸಣ್ಣ ಗುಂಪು. ನನ್ನ ಸಲಹೆ, ಮಗಳು ದಿನದ ಓದಿನಲ್ಲಿ ಅರ್ಧವನ್ನು ಮೊದಲ ಪತ್ರಿಕೆಗೇ ಇಡಲಿ. ಜೆಆರ್‌ಎಫ್‌ಗೆ ವಯಸ್ಸಿನ ಮಿತಿ 30. ಹೆಂಗಸರಿಗೆ ಐದು ವರ್ಷ ಸಡಿಲ. ಹಾಗಾಗಿ ಒಂದು ಸಲ ತಪ್ಪಿದರೆ ಆಕಾಶ ಬೀಳುವುದಿಲ್ಲ.

ರಾಜ್ಯದ ಕೆಸೆಟ್ ಪರೀಕ್ಷೆಯೂ ಇದೆ, ಅದನ್ನು ಪಾಸಾದರೂ ಮೇಷ್ಟ್ರಾಗಲು ಅರ್ಹತೆ ಸಿಗುತ್ತದೆ. ಫೆಲೋಶಿಪ್ ಮಾತ್ರ ಸಿಗುವುದಿಲ್ಲ. ಇದು ಗೊತ್ತಿಲ್ಲದೆ ಕೆಸೆಟ್ ಆಯಿತೆಂದು ಸುಮ್ಮನೆ ಕೂತ ಮಕ್ಕಳನ್ನು ಕಂಡಿದ್ದೇನೆ.

ಅರ್ಜಿ ಹಾಕುವ ಮಾತು ಬಂದಾಗ ನಿಮ್ಮ ಕಡೆಗೆಂದೇ ಒಂದು ಎಚ್ಚರ. 2021ರ ಮಳೆಗಾಲದಲ್ಲಿ ಗುತ್ತಿಗಾರಿನ ಬಳಿ ಬಳ್ಳಕದಲ್ಲಿ ಅಪ್ಪ ಕೊಡೆ ಹಿಡಿದು, ಮಗಳು ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳಿದ ಚಿತ್ರ ದೇಶವೆಲ್ಲ ಓಡಾಡಿತ್ತು. ನೆಟ್‌ವರ್ಕ್ ಈಗ ಸುಧಾರಿಸಿದ್ದರೂ ಕೊನೆಯ ದಿನದ ಸಂಜೆಗೆ ಮಳೆ, ಕರೆಂಟು, ಸರ್ವರು ಮೂರೂ ಒಟ್ಟಿಗೆ ಕೈಕೊಡುತ್ತವೆ. ವಾರ ಮೊದಲೇ ಸುಬ್ರಹ್ಮಣ್ಯಕ್ಕೋ ಸುಳ್ಯಕ್ಕೋ ಹೋಗಿ ಮುಗಿಸಿ ಬನ್ನಿ.

ಜೆಆರ್‌ಎಫ್ ಆಗದಿದ್ದರೆ? ಇಲ್ಲಿ ಯಾವ ವಿಶ್ವವಿದ್ಯಾಲಯ ಎಂಬುದು ದೊಡ್ಡ ಮಾತಾಗುತ್ತದೆ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಬೇರೆ ಫೆಲೋಶಿಪ್ ಇಲ್ಲದೆ ಪೂರ್ಣಕಾಲ ಸಂಶೋಧನೆ ಮಾಡುವವರಿಗೆ ತಿಂಗಳಿಗೆ 8,000 ರೂಪಾಯಿ ಇದೆ. ಬಹಳ ವರ್ಷದಿಂದ ಏರದ ಮೊತ್ತ, ಹಾಸ್ಟೆಲು ಊಟಕ್ಕೆ ಸರಿಹೋದೀತು. ಕೊಣಾಜೆಯಂಥ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಯುಜಿಸಿಯ ಈ 8,000 ಇಲ್ಲ. ನಿಮಗೆ ಹತ್ತಿರದ ಕೇಂದ್ರೀಯ ವಿಶ್ವವಿದ್ಯಾಲಯ ಕಲಬುರಗಿಯದ್ದಲ್ಲ. ಜಾಲ್ಸೂರು ದಾಟಿ, ಚೆರ್ಕಳಕ್ಕೆ ಇಳಿದು, ಹೆದ್ದಾರಿಯಲ್ಲಿ ಸ್ವಲ್ಪ ತೆಂಕಕ್ಕೆ ಹೋದರೆ ಪೆರಿಯದಲ್ಲಿ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ. 2009ರಲ್ಲಿ ಆದದ್ದು, ಕಾಸರಗೋಡಿನ ನೆಲದಲ್ಲಿ ಇರುವುದರಿಂದ ಕನ್ನಡ ವಿಭಾಗವೂ ಇದೆ. ಗಡಿಯಾಚೆ ಎಂಬ ಕಾರಣಕ್ಕೆ ಸುಳ್ಯದವರು ಅದನ್ನು ಮರೆಯುತ್ತಾರೆ.

ಸಮಾಜಶಾಸ್ತ್ರ, ಅರ್ಥಶಾಸ್ತ್ರದವರಿಗೆ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತು ಐಸಿಎಸ್‌ಎಸ್‌ಆರ್ ತಿಂಗಳಿಗೆ 20,000ದಂತೆ ಎರಡು ವರ್ಷ ಕೊಡುತ್ತದೆ. ಅಡಿಕೆ ತೆಗೆದು ರಬ್ಬರ್ ನೆಟ್ಟ ನಿಮ್ಮೂರಿನ ಮನೆಗಳ ಲೆಕ್ಕಪತ್ರ ಅಲ್ಲಿಗೆ ಹೇಳಿ ಮಾಡಿಸಿದ ವಿಷಯ. ಪರಿಶಿಷ್ಟ ಜಾತಿಯವರಿಗೆ ವರ್ಷಕ್ಕೆ 2,000, ಹಿಂದುಳಿದ ವರ್ಗದವರಿಗೆ 1,000 ರಾಷ್ಟ್ರೀಯ ಫೆಲೋಶಿಪ್‌ಗಳಿವೆ, ಹಣ ಜೆಆರ್‌ಎಫ್‌ನಷ್ಟೇ. ಪರಿಶಿಷ್ಟ ಪಂಗಡಕ್ಕೆ 750. ಪಂಗಡದ ಈ ಫೆಲೋಶಿಪ್ಪಿಗೆ ನೆಟ್ ಬೇಕೆಂದಿಲ್ಲ, ಸ್ನಾತಕೋತ್ತರದ ಅಂಕ ನೋಡುತ್ತಾರೆ. ನಿಮ್ಮ ಮಲೆಯ ಮಲೆಕುಡಿಯರ ಮನೆಗಳಲ್ಲಿ ಎಂ.ಎ., ಎಂ.ಎಸ್ಸಿ. ಮಾಡಿದ ಮಕ್ಕಳಿದ್ದರೆ ದಯವಿಟ್ಟು ತಿಳಿಸಿ. ಅಲ್ಪಸಂಖ್ಯಾತರ ಮೌಲಾನಾ ಆಜಾದ್ ಫೆಲೋಶಿಪ್ಪನ್ನು ಕೇಂದ್ರ 2022-23ರಿಂದ ನಿಲ್ಲಿಸಿತು, ನಿಲ್ಲಿಸಬಾರದಿತ್ತು ಎಂಬುದು ನನ್ನ ಅಭಿಪ್ರಾಯ. ಒಡಹುಟ್ಟಿದವರಿಲ್ಲದ ಒಬ್ಬಳೇ ಮಗಳಾಗಿದ್ದರೆ ಸಾವಿತ್ರಿಬಾಯಿ ಫುಲೆ ಹೆಸರಿನದೊಂದು ಇದೆ. ರಾಜ್ಯದ ಹಿಂದುಳಿದ ವರ್ಗಗಳ ಇಲಾಖೆಯೂ ಪೂರ್ಣಕಾಲದ ಸಂಶೋಧನಾರ್ಥಿಗಳಿಂದ ಅರ್ಜಿ ಕರೆಯುತ್ತದೆ. ಜಾತಿಪತ್ರದ ಬಗ್ಗೆ ಒಂದು ಮಾತು: ರಾಜ್ಯದ ಪಟ್ಟಿ ಬೇರೆ, ಕೇಂದ್ರದ ಪಟ್ಟಿ ಬೇರೆ. ಇಲ್ಲಿ ಹಿಂದುಳಿದವರು ಅಲ್ಲಿ ಆಗಿರಬೇಕೆಂದಿಲ್ಲ. ಅರ್ಜಿಯಲ್ಲಿ ಗುರುತು ಹಾಕುವ ಮೊದಲು ಕೇಂದ್ರದ ಪಟ್ಟಿಯನ್ನೇ ನೋಡಿ, ಕೇಂದ್ರದ ನಮೂನೆಯಲ್ಲೇ ಪತ್ರ ಮಾಡಿಸಿ.

ಜೆಆರ್‌ಎಫ್ ಪತ್ರ ಕೈಗೆ ಬಂದರೂ ಹಣ ಶುರುವಾಗುವುದು ಪಿಎಚ್.ಡಿ.ಗೆ ಸೇರಿದ ಮೇಲೆಯೇ, ಸೇರಲು ಗೈಡ್ ಬೇಕು. 2022ರ ಯುಜಿಸಿ ನಿಯಮದಂತೆ ಪ್ರೊಫೆಸರ್ ಒಬ್ಬರು ಒಮ್ಮೆಗೆ ಎಂಟು, ಅಸೋಸಿಯೇಟ್ ಆರು, ಅಸಿಸ್ಟೆಂಟ್ ನಾಲ್ಕು ಜನರನ್ನಷ್ಟೇ ಇಟ್ಟುಕೊಳ್ಳಬಹುದು. ಹುದ್ದೆ ಖಾಲಿ ಇರುವ ವಿಭಾಗದಲ್ಲಿ ಗೈಡ್ ಸಿಗುವುದು ಫೆಲೋಶಿಪ್ ಸಿಗುವುದಕ್ಕಿಂತ ಕಷ್ಟ. ಆದುದರಿಂದ ಫಲಿತಾಂಶ ಬರುವವರೆಗೆ ಕಾಯದೆ, ಒಂದು ಪುಟದ ಪ್ರಸ್ತಾವ ಬರೆದುಕೊಂಡು ಈಗಲೇ ಅಧ್ಯಾಪಕರನ್ನು ಕಂಡು ಮಾತಾಡಲಿ.

ಸೇರಿದ ಮೇಲೆ ಹಣ ತಾನಾಗಿ ಬಂದು ಬೀಳುವುದೂ ಇಲ್ಲ. ಯುಜಿಸಿ ಫೆಲೋಶಿಪ್ ಕೆನರಾ ಬ್ಯಾಂಕ್ ನಡೆಸುವ ಒಂದು ಪೋರ್ಟಲಿನ ಮೂಲಕ ನೇರ ಖಾತೆಗೆ ಹೋಗುತ್ತದೆ. ಅದಕ್ಕೆ ಮುಂಚೆ, ಇವಳು ಈ ತಿಂಗಳು ಕೆಲಸ ಮಾಡಿದ್ದಾಳೆ ಎಂದು ವಿಶ್ವವಿದ್ಯಾಲಯದ ಕಚೇರಿಯಲ್ಲಿ ಒಬ್ಬರು ಪೋರ್ಟಲಿಗೆ ಏರಿಸಬೇಕು, ಇನ್ನೊಬ್ಬರು ನೋಡಿ ಒಪ್ಪಬೇಕು. ಮೊದಲನೆಯವರನ್ನು ಮೇಕರ್, ಎರಡನೆಯವರನ್ನು ಚೆಕರ್ ಅನ್ನುತ್ತಾರೆ. ಒಬ್ಬರು ರಜೆ ಹಾಕಿದರೆ, ವರ್ಗವಾದರೆ, ತಿಂಗಳು ತಪ್ಪಿತು. ಗೈಡಿನ ಸಹಿ, ಬಾಡಿಗೆ ಭತ್ಯೆಯ ಪತ್ರ, ಕಂಟಿಂಜೆನ್ಸಿ ಬಿಲ್ಲು ಬೇರೆ. ತಪ್ಪಿದ ಹಣ ಮುಳುಗುವುದಿಲ್ಲ, ಬಾಕಿ ಸೇರಿಸಿ ಒಟ್ಟಿಗೆ ಬರುತ್ತದೆ. ಆದರೆ ಮೊದಲ ಕಂತು ಕೈಗೆ ಸಿಗಲು ತಿಂಗಳುಗಳೇ ಹಿಡಿಯುವುದುಂಟು. ರಾಜ್ಯದ ಕೆಲವು ಕಡೆ ಶಿಷ್ಯವೇತನ ವರ್ಷಗಟ್ಟಲೆ ಬಾರದೆ ಸಂಶೋಧನಾರ್ಥಿಗಳು ಧರಣಿ ಕೂತದ್ದನ್ನು ನೀವು ಪತ್ರಿಕೆಯಲ್ಲಿ ಓದಿರಬಹುದು. ಮೊದಲ ಅರ್ಧ ವರ್ಷ ಮನೆಯಿಂದ ಖರ್ಚಿಗೆ ಕಳಿಸುವ ಲೆಕ್ಕ ಹಾಕಿಕೊಳ್ಳಿ.

ಹಾಗೆಂದು ಪಕ್ಕದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ನಾಲ್ಕು ಕಾಸು ಮಾಡಿಕೊಳ್ಳೋಣ ಎಂದರೆ ಆಗದು. ಫೆಲೋಶಿಪ್ ತೆಗೆದುಕೊಳ್ಳುವವರು ಬೇರೆ ಸಂಬಳ ಪಡೆಯುವಂತಿಲ್ಲ. ಕೆಲಸ ಬಿಡಲಾಗದವರಿಗೆ ಪಾರ್ಟ್‌ಟೈಂ ಪಿಎಚ್.ಡಿ. ಇದೆ, ಅದಕ್ಕೆ ಫೆಲೋಶಿಪ್ ಇಲ್ಲ. ನಿಮ್ಮ ಮಗಳ ವಯಸ್ಸಿಗೆ ಪೂರ್ಣಕಾಲವೇ ಸರಿ.

ಕೊನೆಗೆ ನೀವು ಮೆಲ್ಲಗೆ ಕೇಳಿದ ಪ್ರಶ್ನೆ. ಮದುವೆ ಆದರೆ ಏನೂ ನಿಲ್ಲುವುದಿಲ್ಲ. ಸೇರಿದ ದಿನದಿಂದ ಆರು ವರ್ಷದೊಳಗೆ ಮುಗಿಸಬೇಕು, ಮರುನೋಂದಣಿ ಮಾಡಿಸಿದರೆ ಇನ್ನೆರಡು ವರ್ಷ ಸಿಗುತ್ತದೆ. ಹೆಂಗಸರಿಗೆ ಅದರ ಮೇಲೆ ಮತ್ತೆರಡು ವರ್ಷದ ಸಡಿಲಿಕೆ ಇದೆ. ಹೆರಿಗೆ, ಮಗುವಿನ ಆರೈಕೆಗೆ 240 ದಿನದವರೆಗೆ ರಜೆ. ಗಂಡನ ಮನೆ ದೂರವಾಗಿ ಊರು ಬಿಡಬೇಕಾದರೆ ಅಲ್ಲಿನ ವಿಶ್ವವಿದ್ಯಾಲಯಕ್ಕೆ ತನ್ನ ಸಂಶೋಧನೆಯ ಸಾಮಗ್ರಿಯನ್ನು ವರ್ಗಾಯಿಸಿಕೊಂಡು ಮುಂದುವರಿಸಬಹುದು ಎಂದು 2022ರ ಅದೇ ನಿಯಮಾವಳಿಯಲ್ಲಿದೆ. ಸಂಬಂಧ ನೋಡಲು ಬಂದವರು ಕೇಳಿದರೆ ಇದನ್ನು ನೀವೇ ಹೇಳಿ, ಮಗಳಿಂದ ಹೇಳಿಸಬೇಡಿ.